ಬಗ್ಗುವ ಮುನ್ನ ಹಾರೆ ಹುಡುಕಿ

ಬೀರು ಸರಿಸಬೇಕು, ಡ್ರಮ್ಮು ಏರಿಸಬೇಕು, ಕಲ್ಲು ಕೀಳಬೇಕು ಎಂದರೆ ಸಾಕು, ನಿಮ್ಮಲ್ಲಿ ಬಹಳ ಮಂದಿ ತೋಳು ಮಡಚಿ ಬಗ್ಗಿಬಿಡುತ್ತೀರಿ. "ಇಷ್ಟೇ ತಾನೆ, ಎತ್ತಿದರಾಯಿತು" ಎಂಬ ಮಾತು ಬೇರೆ. ಆಮೇಲೆ ಸೊಂಟ ಹಿಡಿದುಕೊಂಡು ಗೋಡೆಗೆ ಒರಗುವುದು, ರಾತ್ರಿಯೆಲ್ಲ ಮಗ್ಗುಲು ಬದಲಿಸಲಾರದೆ ನರಳುವುದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಗುವುದು ಬೇಡ. ಇವತ್ತು ಸ್ವಲ್ಪ ಹೊತ್ತು ಕೂತು ನನ್ನ ಮಾತು ಕೇಳಿ.

ನಮ್ಮ ಹಿತ್ತಲಲ್ಲಿ ಒಂದು ಹಳೆಯ ಒರಳುಕಲ್ಲು ಇದೆ. ತೂಕ ಕಮ್ಮಿಯೆಂದರೂ 160 ಕೆಜಿ. ಅದನ್ನು ಬಾವಿಕಟ್ಟೆಯ ಹತ್ತಿರದಿಂದ ಗೋಡೆಯ ಪಕ್ಕಕ್ಕೆ ಸರಿಸಬೇಕಿತ್ತು. ತಂಗಿಯ ಮಗ ತನ್ನ ಗೆಳೆಯನನ್ನು ಕರೆದುಕೊಂಡು ಬಂದು, ಇಬ್ಬರೂ ಬಗ್ಗಿ ಕೈ ಹಾಕಿದರು. ಕಲ್ಲು ಒಂದು ಬೆರಳು ಅಲುಗಿತು, ಹುಡುಗನ ಸೊಂಟ ಹಿಡಿದುಕೊಂಡಿತು. ಎರಡು ವಾರ ಮಲಗಿದ. ಆಮೇಲೆ ತೋಟದ ಕೆಲಸಕ್ಕೆ ಬರುವ ಹಿರಿಯರೊಬ್ಬರು ಬಂದರು. ವಯಸ್ಸು ಅರವತ್ತು ದಾಟಿದೆ, ಮೈಯಲ್ಲಿ ಮಾಂಸವೇ ಇಲ್ಲ. ಅವರು ಮೊದಲು ಕಲ್ಲಿನ ಸುತ್ತ ಒಂದು ಸುತ್ತು ಬಂದು ನೋಡಿದರು. ಹಾರೆಯ ತುದಿಯನ್ನು ಕಲ್ಲಿನ ಅಡಿಗೆ ತೂರಿಸಿದರು. ಹಾರೆಯ ಕೆಳಗೆ, ಒರಳಿಗೆ ಆದಷ್ಟು ಹತ್ತಿರ, ಇಟ್ಟಿಗೆಯಷ್ಟಿದ್ದ ಗಟ್ಟಿ ಕಲ್ಲೊಂದನ್ನು ಆಸರೆಗೆ ಇಟ್ಟರು. ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ನಿಧಾನಕ್ಕೆ ಅದುಮಿದರು. ಒರಳು ಒಂದು ಅಂಗುಲ ಎದ್ದಿತು. ಅಡಿಗೆ ಒಂದು ಚಕ್ಕೆ ತುರುಕಿ, ಮತ್ತೆ ಅದುಮಿದರು. ಹೀಗೆ ಎರಡೂ ಕಡೆ ಎತ್ತಿ, ಅಡಿಯಲ್ಲಿ ಹಲಗೆ, ಹಲಗೆಯ ಮೇಲೆ ಮೂರು ಪೈಪಿನ ತುಂಡು ಅಡ್ಡಡ್ಡ ಇಟ್ಟು, ಹಾರೆಯಿಂದಲೇ ಮೀಟುತ್ತ ಉರುಳಿಸಿಕೊಂಡು ಹೋದರು. ಅರ್ಧ ಗಂಟೆಯ ಕೆಲಸ. ಶಕ್ತಿಗಿಂತ ಯುಕ್ತಿ ಮೇಲು ಎಂಬ ಗಾದೆಯನ್ನು ಬಾಯಲ್ಲಿ ಹೇಳುವವರು ಬಹಳ, ಕೈಯಲ್ಲಿ ಮಾಡಿ ತೋರಿಸುವವರು ಇಂಥವರು.

ಈಗ ಅದರ ಲೆಕ್ಕ ಕೇಳಿ. ಹಾರೆ 5 ಅಡಿ ಉದ್ದ, ಅಂದರೆ 60 ಅಂಗುಲ. ಆಸರೆಯ ಕಲ್ಲು ತುದಿಯಿಂದ 6 ಅಂಗುಲ ದೂರ. ಅವರ ಕೈ ಇದ್ದದ್ದು ಆಸರೆಯಿಂದ 54 ಅಂಗುಲ ಆಚೆ. 54ನ್ನು 6ರಿಂದ ಭಾಗಿಸಿದರೆ 9. ಒಂದು ಅಂಚನ್ನು ಮಾತ್ರ ಎತ್ತುವಾಗ ಕಲ್ಲಿನ ಭಾರದಲ್ಲಿ ಅರ್ಧ ನೆಲವೇ ಹೊರುತ್ತದೆ, ಉಳಿದದ್ದು 80 ಕೆಜಿ. ಅದನ್ನು ಒಂಬತ್ತು ಪಾಲು ಮಾಡಿದರೆ 9 ಕೆಜಿಗೂ ತುಸು ಕಮ್ಮಿ. ಒಂದು ಕೊಡ ನೀರಿನಷ್ಟೂ ಇಲ್ಲ! ಈ ಒಂಬತ್ತು ಪಟ್ಟಿಗೆ ಶಾಲೆಯ ಪುಸ್ತಕದಲ್ಲಿ ಯಾಂತ್ರಿಕ ಲಾಭ ಎನ್ನುತ್ತಾರೆ. ಸನ್ನೆ, ರಾಟೆ, ಚಕ್ರ ಮತ್ತು ಅಚ್ಚು, ಇಳಿಜಾರು, ಬೆಣೆ, ತಿರುಪು ಎಂದು ಆರು ಸರಳ ಯಂತ್ರಗಳನ್ನು ನೀವೂ ಓದಿ, ಪರೀಕ್ಷೆ ಬರೆದು, ಮರೆತಿದ್ದೀರಿ. ಮರೆಯಬಾರದಿತ್ತು. ಅಂಕಕ್ಕಾಗಿ ಓದಿದ್ದು ಸೊಂಟಕ್ಕೂ ಬೇಕಾಗುತ್ತದೆ.

ಆದರೆ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಈ ಲಾಭ ಪುಕ್ಕಟೆ ಬರುವುದಿಲ್ಲ. ಕಲ್ಲು ಒಂದು ಅಂಗುಲ ಏಳಬೇಕಾದರೆ ಅವರ ಕೈ 9 ಅಂಗುಲ ಇಳಿಯಬೇಕಾಯಿತು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ಕೊಟ್ಟರು. ಕಾಸಿಗೆ ತಕ್ಕ ಕಜ್ಜಾಯ. ಯಾವ ಹಾರೆಯೂ, ಯಾವ ರಾಟೆಯೂ ನಿಮ್ಮ ಕೆಲಸವನ್ನು ಕಡಿಮೆ ಮಾಡುವುದಿಲ್ಲ. ಒಂದೇ ಸಲ ತೆರಲಾರದ ಸಾಲವನ್ನು ಕಂತಿನಲ್ಲಿ ತೀರಿಸಿದ ಹಾಗೆ, ದೊಡ್ಡ ಭಾರವನ್ನು ಸಣ್ಣ ಸಣ್ಣ ಬಲವಾಗಿ ಒಡೆದು ಕೊಡುತ್ತದೆ. ಕಂತು ಕಟ್ಟಲು ತಾಳ್ಮೆ ನಿಮ್ಮಲ್ಲಿರಬೇಕು. ನಿಮ್ಮ ತೊಂದರೆ ಇರುವುದೇ ಅಲ್ಲಿ. ಬಲಕ್ಕೆ ಕೊರತೆಯಿಲ್ಲ, ಪುರುಸೊತ್ತಿಲ್ಲ.

ಹಾರೆ ಹಿಡಿಯುವುದಕ್ಕೂ ಕ್ರಮವಿದೆ. ಆಸರೆಯ ಕಲ್ಲು ಭಾರಕ್ಕೆ ಹತ್ತಿರವಿರಲಿ, ನಿಮ್ಮ ಕೈ ದೂರವಿರಲಿ. ಆಸರೆಗೆ ಟೊಳ್ಳು ಇಟ್ಟಿಗೆ, ಹೆಂಚಿನ ಚೂರು ಇಡಬೇಡಿ. ಎಲ್ಲ ಭಾರವೂ ನಿಮ್ಮ ಅದುಮುವಿಕೆಯೂ ಸೇರಿ ಅದರ ಮೇಲೇ ಬೀಳುತ್ತದೆ, ಪುಡಿಯಾದರೆ ಕಲ್ಲು ಕುಸಿಯುತ್ತದೆ. ಹಾರೆಯನ್ನು ಕಾಲುಗಳ ನಡುವೆ ಹಾಕಿಕೊಂಡು ನಿಲ್ಲಬೇಡಿ. ತಲೆ ಅದರ ನೇರಕ್ಕೆ ಬಗ್ಗಿಸಬೇಡಿ. ಜಾರಿದರೆ ನೀವು ಕೊಟ್ಟ ಬಲವೆಲ್ಲ ನಿಮ್ಮ ದವಡೆಗೇ ತಿರುಗಿ ಬರುತ್ತದೆ. ಎತ್ತಿದ ಭಾರದ ಕೆಳಗೆ ಚಕ್ಕೆ ತುರುಕುವಾಗ ಬೆರಳು ಒಳಗೆ ಹೋಗಬಾರದು, ಕೋಲಿನಿಂದ ತಳ್ಳಿ. ಇಷ್ಟು ಹೇಳಿದ್ದನ್ನು ದಯವಿಟ್ಟು ನೆನಪಿಡಿ.

ಹಾರೆಯಲ್ಲಿರುವ ಗುಟ್ಟೇ ನಿಮ್ಮ ಅಡುಗೆಮನೆಯಲ್ಲೂ ಇದೆ. ಅಡಕತ್ತರಿ ತೆಗೆದುಕೊಳ್ಳಿ. ಕೆಲವರು ಗಟ್ಟಿ ಅಡಿಕೆಯನ್ನು ಅಲಗಿನ ತುದಿಯಲ್ಲಿ ಇಟ್ಟು ಹಲ್ಲು ಕಚ್ಚಿ ಒತ್ತುತ್ತಾರೆ. ಅಡಿಕೆ ಚಿಮ್ಮಿ ಮಂಚದಡಿಗೆ ಹೋಗುತ್ತದೆ, ಬೆರಳು ಅಲಗಿಗೆ ಹೋಗುತ್ತದೆ. ಅಜ್ಜಿಯಂದಿರ ಕೈ ನೋಡಿದ್ದೀರಾ? ಅಡಿಕೆಯನ್ನು ಒಳಕ್ಕೆ, ಕೀಲಿನ ಹತ್ತಿರಕ್ಕೆ ಸರಿಸಿ, ಹಿಡಿಯ ಕೊನೆಯಲ್ಲಿ ಕೈ ಇಟ್ಟು, ಮಾತಾಡುತ್ತಲೇ ಕಟಕ್ಕೆನಿಸುತ್ತಾರೆ. ಕೀಲಿಗೆ ಅಡಿಕೆ ಹತ್ತಿರವಾದಷ್ಟೂ, ಕೈ ದೂರವಾದಷ್ಟೂ ಲಾಭ. ದಪ್ಪ ಬಟ್ಟೆ ಕತ್ತರಿಸುವಾಗಲೂ ಹಾಗೇ, ಕತ್ತರಿಯ ಬುಡದಲ್ಲಿ ಕತ್ತರಿಸಿ, ತುದಿಯಲ್ಲಿ ಜಗ್ಗಬೇಡಿ. ಬಿಸಿ ಪಾತ್ರೆ ಇಳಿಸುವ ಇಕ್ಕಳವನ್ನು ಹಿಡಿಯ ಕೊನೆಯಲ್ಲಿ ಹಿಡಿಯಿರಿ. ಕೀಲಿನ ಬಳಿ ಹಿಡಿದರೆ ಹಿಡಿತವೂ ಸಡಿಲ, ಕೈಗೆ ಹಬೆಯೂ ಹತ್ತಿರ. ಸಾರಿನ ಪಾತ್ರೆ ಜಾರಿದ ಮೇಲೆ ಇಕ್ಕಳವನ್ನು ಬೈದು ಪ್ರಯೋಜನವಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಇನ್ನು ನಿಮ್ಮ ಮೈಯ ವಿಷಯ. ನಿಮ್ಮ ಮುಂಗೈ ಕೂಡ ಹಾರೆಯಂತೆ ಒಂದು ಸನ್ನೆಯೇ, ಆದರೆ ಅದು ಉಲ್ಟಾ ಕಟ್ಟಿದ ಸನ್ನೆ. ಮೊಣಕೈ ಕೀಲು, ಅಂಗೈಯಲ್ಲಿ ಭಾರ. ಎತ್ತುವ ಸ್ನಾಯು ಮೂಳೆಗೆ ಅಂಟಿಕೊಂಡಿರುವುದು ಕೀಲಿನಿಂದ ಸುಮಾರು 5 ಸೆಂ.ಮೀ. ದೂರದಲ್ಲಿ. ಅಂಗೈ ಇರುವುದು ಸುಮಾರು 35 ಸೆಂ.ಮೀ. ಆಚೆ. ಹಾಗಾಗಿ ಮೊಣಕೈ ಮಡಚಿ 5 ಕೆಜಿ ಅಕ್ಕಿಯ ಚೀಲ ಹಿಡಿದರೆ ಆ ಸ್ನಾಯು ಸುಮಾರು 35 ಕೆಜಿ ಜಗ್ಗಬೇಕು. ದೇವರು ನಮ್ಮ ತೋಳನ್ನು ಬೀಸಲು, ಎಸೆಯಲು, ಚುರುಕಾಗಿ ಆಡಿಸಲು ಕಟ್ಟಿದ್ದಾನೆ, ಕಲ್ಲು ಹೊರಲು ಕಟ್ಟಿಲ್ಲ. ಬೆನ್ನಿನದೂ ಇದೇ ಕಥೆ. ಭಾರವನ್ನು ಮೈಯಿಂದ ದೂರ ಚಾಚಿ ಹಿಡಿದಷ್ಟೂ ಸೊಂಟದ ಸ್ನಾಯುಗಳಿಗೆ ಹಲವು ಪಟ್ಟು ಹೊರೆ ಬೀಳುತ್ತದೆ. ಗ್ಯಾಸ್ ಸಿಲಿಂಡರ್ ನೋಡಿ. ಅನಿಲವೇ 14.2 ಕೆಜಿ, ಖಾಲಿ ಸಿಲಿಂಡರಿನ ತೂಕವೂ ಸೇರಿ ಹತ್ತಿರ ಹತ್ತಿರ 30 ಕೆಜಿ. ಅದನ್ನು ಒಂದೇ ಕೈಯಲ್ಲಿ ಸೊಂಟ ತಿರುಚಿ ಎತ್ತಿ ಒಲೆಯಡಿಗೆ ತಳ್ಳುವವರನ್ನು ನಾನು ಎಷ್ಟೋ ಮಂದಿ ನೋಡಿದ್ದೇನೆ. ಬೇಡ. ಚಕ್ರದ ಸ್ಟ್ಯಾಂಡ್ ಒಂದನ್ನು ತಂದಿಡಿ. ಎತ್ತಲೇಬೇಕಾದರೆ ಮಂಡಿ ಮಡಚಿ ಕೂತು, ಮೈಗೆ ತಾಗಿಸಿಕೊಂಡು, ಕಾಲಿನ ಬಲದಿಂದ ಏಳಿ. ತಿರುಗಬೇಕಾದರೆ ಹೆಜ್ಜೆ ತಿರುಗಿಸಿ, ಸೊಂಟವನ್ನಲ್ಲ.

ಇಳಿಜಾರಿಗೆ ಬರೋಣ. ಮೈಸೂರಿನವರು ಚಾಮುಂಡಿ ಬೆಟ್ಟವನ್ನು ಎರಡು ದಾರಿಯಲ್ಲಿ ಹತ್ತುತ್ತಾರೆ. ಸಾವಿರ ಮೆಟ್ಟಿಲ ದಾರಿಯಲ್ಲಿ ಹೋದರೆ ದೊಡ್ಡ ನಂದಿಯ ಹತ್ತಿರ ಬರುವಷ್ಟರಲ್ಲಿ ಏದುಸಿರು. ಸುತ್ತಿ ಬಳಸಿ ಹೋಗುವ ರಸ್ತೆಯಲ್ಲಾದರೆ ಸುಸ್ತು ಕಮ್ಮಿ, ನಡಿಗೆ ಜಾಸ್ತಿ. ಎತ್ತರ ಎರಡಕ್ಕೂ ಅದೇ, ತಾಯಿಯ ದರ್ಶನವೂ ಅದೇ. ಘಟ್ಟದ ರಸ್ತೆಗಳು ಹಾವಿನ ಹಾಗೆ ಸುತ್ತುವುದೂ ಇದಕ್ಕೇ. ನೀವು ಡ್ರಮ್ಮನ್ನೋ ಮೂಟೆಯನ್ನೋ 3 ಅಡಿ ಎತ್ತರದ ಗಾಡಿಗೆ ಏರಿಸಬೇಕಾದಾಗ 9 ಅಡಿಯ ಹಲಗೆ ಇಟ್ಟರೆ ಮೂರನೇ ಒಂದು ಪಾಲು ಬಲ ಸಾಕು. ತಿಕ್ಕಾಟಕ್ಕೆಂದು ಸ್ವಲ್ಪ ಸೇರಿಸಿಕೊಳ್ಳಿ, ಅಷ್ಟೆ. ನೀವೇನು ಮಾಡುತ್ತೀರಿ? ಕೈಗೆ ಸಿಕ್ಕ ನಾಲ್ಕು ಅಡಿಯ ಹಲಗೆ ಒರಗಿಸಿ, ಗೋಡೆಯ ಹಾಗೆ ನಿಂತ ಅದರ ಮೇಲೆ ಜೀವ ಬಿಟ್ಟು ತಳ್ಳುತ್ತೀರಿ. ಹಲಗೆಯ ಉದ್ದಕ್ಕೆ ಜಿಪುಣತನ ಮಾಡಬೇಡಿ. ಮೇಲಿನ ತುದಿ ಜಾರದ ಹಾಗೆ ಕಟ್ಟಿ. ಭಾರ ಉರುಳುವ ದಾರಿಯಲ್ಲಿ, ಅದರ ಕೆಳಗಡೆ, ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರವೇ ಇರಬಾರದು. ಮೇಲಿನಿಂದ ಹಗ್ಗದಲ್ಲಿ ಎಳೆದುಕೊಳ್ಳಿ.

ಮನೆಯಲ್ಲಿ ವಯಸ್ಸಾದವರಿದ್ದು ಗಾಲಿಕುರ್ಚಿ ಬಳಸುವುದಾದರೆ ಈ ಮಾತನ್ನು ಇನ್ನೂ ಗಮನವಿಟ್ಟು ಕೇಳಿ. ಬಾಗಿಲ ಮುಂದಿನ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬುದು ಒಪ್ಪಿತವಾದ ಅಳತೆ. ಒಂದೂವರೆ ಅಡಿಯ ಜಗಲಿಗೆ 18 ಅಡಿ ಬೇಕು. ಕುರ್ಚಿಯೂ ಕೂತವರೂ ಸೇರಿ 84 ಕೆಜಿ ಎಂದುಕೊಂಡರೆ, ಅಂಥ ಇಳಿಜಾರಿನಲ್ಲಿ ತಳ್ಳಲು 7 ಕೆಜಿಯಷ್ಟು ಬಲ ಸಾಕು. ನಾಲ್ಕೂವರೆ ಅಡಿಯಲ್ಲಿ ಮುಗಿಸಿದರೆ 28 ಕೆಜಿ ಬೇಕು, ಇಳಿಸುವಾಗ ಅಷ್ಟನ್ನೂ ಹಿಡಿದು ತಡೆಯಬೇಕು. ಸೊಸೆಯೊಬ್ಬಳೇ ಮನೆಯಲ್ಲಿದ್ದಾಗ ಅತ್ತೆಯನ್ನು ಹೇಗೆ ಇಳಿಸುತ್ತಾಳೆ? ಜಾಗ ಸಾಲದಿದ್ದರೆ ನಡುವೆ ಸಮತಟ್ಟು ಕಟ್ಟೆ ಬಿಟ್ಟು ತಿರುವು ಕೊಟ್ಟು ಕಟ್ಟಿಸಿ. ಮೇಸ್ತ್ರಿ "ಸ್ಕೂಟರು ಹತ್ತಿದರೆ ಸಾಕು" ಎಂದು ಹೇಳಿದರೆ ಒಪ್ಪಬೇಡಿ, ನೀವೇ ಟೇಪು ಹಿಡಿದು ನಿಲ್ಲಿ.

ಬಾವಿಯ ರಾಟೆ ವಿಚಾರದಲ್ಲಿ ಬಹಳ ಜನರಿಗೆ ತಪ್ಪು ತಿಳಿವಳಿಕೆ ಇದೆ. ಮೇಲೆ ಕಟ್ಟಿದ ಒಂದೇ ರಾಟೆ ಭಾರವನ್ನು ಒಂದು ಗುಲಗಂಜಿಯಷ್ಟೂ ಇಳಿಸುವುದಿಲ್ಲ. 15 ಲೀಟರ್ ನೀರಿಗೆ 15 ಕೆಜಿ ಬಲವನ್ನೇ ಕೊಡಬೇಕು, ಜೊತೆಗೆ ಬಿಂದಿಗೆಯದು. ಅದು ಮಾಡುವ ಉಪಕಾರ ಬೇರೆ. ಮೇಲಕ್ಕೆ ಎತ್ತುವುದನ್ನು ಕೆಳಕ್ಕೆ ಎಳೆಯುವುದಾಗಿ ತಿರುಗಿಸುತ್ತದೆ, ಆಗ ನಿಮ್ಮ ಮೈಭಾರವೇ ನಿಮ್ಮ ನೆರವಿಗೆ ಬರುತ್ತದೆ. ಹಿಂದೆ ಹೊಲಗಳಲ್ಲಿ ಕಪಿಲೆ ಬಾವಿ ಇರುತ್ತಿತ್ತು. ಎತ್ತುಗಳು ಬಾವಿಯಿಂದ ಆಚೆಗೆ ಇಳಿಜಾರಿನಲ್ಲಿ ಇಳಿಯುತ್ತ ಹಗ್ಗ ಎಳೆದರೆ ರಾಟೆಯ ಮೇಲೆ ತೊಗಲಿನ ಚೀಲ ತುಂಬಿ ಮೇಲೆ ಬರುತ್ತಿತ್ತು. ಎತ್ತುಗಳ ಮೈಭಾರವನ್ನೇ ಕೆಲಸಕ್ಕೆ ಹಚ್ಚಿದ ನಮ್ಮ ರೈತರ ಜಾಣ್ಮೆ ನೋಡಿ. ಭಾರ ನಿಜಕ್ಕೂ ಅರ್ಧವಾಗಬೇಕಾದರೆ ಎರಡನೇ ರಾಟೆ ಬೇಕು. ಅದು ಭಾರದ ಜೊತೆಗೇ ಏರಬೇಕು, ಹಗ್ಗದ ಒಂದು ತುದಿ ಮೇಲೆ ತೊಲೆಗೆ ಬಿಗಿದಿರಬೇಕು. ಆಗ ಭಾರವನ್ನು ಎರಡು ಎಳೆ ಹೊರುತ್ತವೆ, ನಿಮ್ಮ ಪಾಲಿಗೆ ಒಂದೇ ಎಳೆಯದ್ದು. ಕಂತು ಇಲ್ಲೂ ತಪ್ಪದು. 10 ಅಡಿ ಏರಿಸಲು 20 ಅಡಿ ಹಗ್ಗ ಎಳೆಯಬೇಕು.

ರಾಟೆಯ ಬಳಿ ಮೂರು ಎಚ್ಚರ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ, ಕೈ ಜಾರಿದರೆ ಹಗ್ಗ ನಿಮ್ಮನ್ನೇ ಎಳೆದುಕೊಂಡು ಹೋಗುತ್ತದೆ. ಎಳೆ ಬಿಚ್ಚಿದ ಹಗ್ಗವನ್ನು "ಇನ್ನೊಂದು ವಾರ ಬರುತ್ತದೆ" ಎಂದು ಉಳಿಸಬೇಡಿ. ತೂಗುತ್ತಿರುವ ಭಾರದ ಕೆಳಗೆ ನಿಂತು ಮೇಲೆ ನೋಡಬೇಡಿ, ಅದು ಗಾರೆಯ ಬಾಂಡಲಿಯಾಗಲಿ, ಬೋರಿನ ಮೋಟಾರಾಗಲಿ.

ತಿರುಪು ಅಂದರೆ ಕಂಬಕ್ಕೆ ಸುತ್ತಿದ ಇಳಿಜಾರು, ಅಷ್ಟೆ. ಕಾಗದವನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿ ಪೆನ್ಸಿಲ್ಲಿಗೆ ಸುತ್ತಿ ನೋಡಿ, ಆ ಓರೆ ಅಂಚೇ ತಿರುಪಿನ ಗೆರೆಯಾಗುತ್ತದೆ. ಕಾರು ಎತ್ತುವ ತಿರುಪಿನ ಜಾಕಿಗೆ 20 ಸೆಂ.ಮೀ. ಹಿಡಿ ಇದ್ದರೆ ಒಂದು ಸುತ್ತಿಗೆ ಕೈ ಸುಮಾರು 125 ಸೆಂ.ಮೀ. ತಿರುಗುತ್ತದೆ. ಅಷ್ಟಕ್ಕೆ ಭಾರ ಏರುವುದು ಅರ್ಧ ಸೆಂ.ಮೀ. ಎಂದುಕೊಂಡರೆ ಲೆಕ್ಕದಲ್ಲಿ 250 ಪಟ್ಟು ಲಾಭ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿಕ್ಕಾಟ ನುಂಗುತ್ತದೆ. ನುಂಗಲಿ ಬಿಡಿ, ನೀವು ಹಿಡಿ ಬಿಟ್ಟಾಗ ಜಾಕಿ ತಾನಾಗಿ ತಿರುಗಿ ಕಾರು ಕೆಳಗೆ ಬೀಳದಂತೆ ತಡೆಯುವುದೂ ಅದೇ ತಿಕ್ಕಾಟ. ಆದರೂ ಜಾಕಿಯನ್ನು ನಂಬಿ ಕಾರಿನ ಅಡಿಗೆ ಮೈ ತೂರಿಸಬೇಡಿ. ಅದು ಎತ್ತಲು ಇರುವ ಸಾಧನ, ಹೊತ್ತು ನಿಲ್ಲಲು ಅಲ್ಲ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಉಳಿದ ಗಾಲಿಗಳಿಗೆ ಕಲ್ಲು ಕೊಡಿ. ಗಾಲಿ ಬದಲಿಸುವುದಾದರೆ, ಕಾರು ಎತ್ತುವ ಮೊದಲೇ ಅದರ ನಟ್ಟುಗಳನ್ನು ಸ್ವಲ್ಪ ಸಡಿಲಿಸಿಕೊಳ್ಳಿ.

ನಲ್ಲಿಯೊಳಗೂ ತಿರುಪೇ ಇದೆ. ನೀವು ಬೆರಳಲ್ಲಿ ಕೊಟ್ಟ ಸಣ್ಣ ಬಲ ಒಳಗೆ ವಾಷರಿನ ಮೇಲೆ ದೊಡ್ಡದಾಗಿ ಬೀಳುತ್ತದೆ. ಮುಷ್ಟಿ ಬಿಗಿದು ಕತ್ತು ಹಿಸುಕಿದ ಹಾಗೆ ತಿರುಗಿಸಿದರೆ ವಾಷರು ಸವೆದು, ತಿಂಗಳೊಳಗೆ ಮತ್ತೆ ತೊಟ್ಟಿಕ್ಕುತ್ತದೆ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಉದ್ದ ಮಾಡಿ ಬಿಗಿಯುವವರಿಗೂ ಇದೇ ಮಾತು. ಬೋಲ್ಟಿನ ಕುತ್ತಿಗೆಯೇ ಮುರಿಯುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಲಾಭ ಹೆಚ್ಚಾದಷ್ಟೂ ಕೈ ಹಗುರವಾಗಬೇಕು.

ಕೊಡಲಿ ಎಂದಾಗ ನೆನಪಾಯಿತು, ಬೆಣೆಯ ಮಾತು. ಕೊಡಲಿ, ಉಳಿ, ಚಾಕು, ಈಳಿಗೆ ಎಲ್ಲವೂ ಬೆಣೆಗಳೇ. ಅಲಗು ತೆಳ್ಳಗೆ ಉದ್ದಕ್ಕೆ ಓರೆಯಾಗಿದ್ದಷ್ಟೂ ಕಡಿಮೆ ಬಲಕ್ಕೆ ಸೀಳುತ್ತದೆ. ಕಲ್ಲುಕುಟಿಗರು ಬಂಡೆಯಲ್ಲಿ ಸಾಲಾಗಿ ತೂತು ಹೊಡೆದು, ಒಂದೊಂದಕ್ಕೂ ಉಕ್ಕಿನ ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಸುತ್ತಿಗೆಯಿಂದ ತಟ್ಟುತ್ತ ಹೋಗುವುದನ್ನು ನೋಡಿ. ಯಾವ ಏಟೂ ಜೋರಿಲ್ಲ. ಕೊನೆಗೆ ಬಂಡೆ ಗೆರೆ ಎಳೆದ ಹಾಗೆ ಬಿರಿಯುತ್ತದೆ. ನಿಮ್ಮ ಮನೆಯ ಮೊಂಡು ಈಳಿಗೆ ಮಾತ್ರ ಕುಂಬಳಕಾಯಿಯ ಮೇಲೆ ಜಾರಿ ಬೆರಳ ಮೇಲೆ ಇಳಿಯುತ್ತದೆ. ಚೂಪಾದದ್ದು ಅಪಾಯ ಎಂದು ಮೊಂಡು ಇಟ್ಟುಕೊಳ್ಳುತ್ತೀರಿ. ಮೊಂಡಾದಷ್ಟೂ ಬಲ ಹೆಚ್ಚು ಬೇಕು, ಬಲ ಹೆಚ್ಚಾದಷ್ಟೂ ಕೈ ತಪ್ಪುತ್ತದೆ. ತಿಂಗಳಿಗೊಮ್ಮೆ ಸಾಣೆ ಹಿಡಿಸಿ. ಕೆಲಸ ಮುಗಿದ ಕೂಡಲೇ ಈಳಿಗೆಯನ್ನು ಗೋಡೆಯ ಕಡೆಗೆ ಮುಖ ಮಾಡಿ ಒರಗಿಸಿ.

ಬೀಸುವ ಕಲ್ಲಿನ ಗೂಟ ಅಂಚಿನಲ್ಲೇ ಇರುವುದೇಕೆ, ಬಾಗಿಲ ಚಿಲಕ ತಿರುಗಣಿಯಿಂದ ದೂರದಲ್ಲೇ ಇರುವುದೇಕೆ, ಗಾಣದ ಎತ್ತು ಉದ್ದನೆಯ ತೊಲೆಯ ತುದಿಯಲ್ಲೇ ಸುತ್ತುವುದೇಕೆ ಎಂಬುದಕ್ಕೆ ಉತ್ತರ ಈಗ ನಿಮಗೇ ಗೊತ್ತು. ಅದನ್ನು ಮನೆಯ ಮಕ್ಕಳಿಗೆ ಹೇಳಿ. ಬರಿದೇ ಹೇಳಬೇಡಿ, ಮಾಡಿಸಿ. ಬಾಗಿಲನ್ನು ತಿರುಗಣಿಯ ಪಕ್ಕ ಒಂದು ಬೆರಳಿನಿಂದ ತಳ್ಳಲು ಹೇಳಿ, ಆಮೇಲೆ ಚಿಲಕದ ಪಕ್ಕ ತಳ್ಳಲು ಹೇಳಿ. ಪುಸ್ತಕದ ಮೂರು ಪುಟಕ್ಕಿಂತ ಆ ಬೆರಳು ಚೆನ್ನಾಗಿ ಕಲಿಯುತ್ತದೆ.

ಸಾಧನಗಳಿಗೂ ನಿಮ್ಮ ಆರೈಕೆ ಬೇಕು. ಎತ್ತಿನ ಗಾಡಿ ಇಟ್ಟವರು ಕೀಲೆಣ್ಣೆ ಇಲ್ಲದೆ ಅಚ್ಚು ತಿರುಗಿಸುತ್ತಿರಲಿಲ್ಲ. ನೀವು ಕಿರುಗುಟ್ಟುವ ರಾಟೆಯನ್ನು ವರ್ಷಗಟ್ಟಲೆ ಕೇಳುತ್ತ ಕೂರುತ್ತೀರಿ. ಆ ಕಿರುಗುಟ್ಟುವಿಕೆ ನಿಮ್ಮ ತೋಳಿನ ಬಲ ಸುಮ್ಮನೆ ಸವೆದು ಹೋಗುವ ಸದ್ದು. ರಾಟೆಗೆ, ಕತ್ತರಿಯ ಕೀಲಿಗೆ, ತಿರುಗಣಿಗೆ ನಾಲ್ಕು ಹನಿ ಎಣ್ಣೆ ಬಿಡಿ. ಜಾಕಿಯ ತಿರುಪಿನ ಮಣ್ಣು ಒರೆಸಿ ಗ್ರೀಸ್ ಹಚ್ಚಿ. ಬಿರುಕು ಬಿಟ್ಟ ಹಿಡಿಯನ್ನು ಅಂಟಿನ ಟೇಪು ಸುತ್ತಿ ನಂಬಬೇಡಿ, ಬದಲಿಸಿ.

ಕೊನೆಯದಾಗಿ ಒಂದು ಖರ್ಚು ಹೇಳುತ್ತೇನೆ, ಬೇಡ ಎನ್ನಬೇಡಿ. ಒಂದು ಒಳ್ಳೆಯ ಹಾರೆ, ಒಂಬತ್ತು ಅಡಿಯ ಒಂದು ಗಟ್ಟಿ ಹಲಗೆ, ಮೂರು ಪೈಪಿನ ತುಂಡು, ಒಂದು ಹಗ್ಗ. ಇಷ್ಟನ್ನು ಹಿತ್ತಲ ಬಾಗಿಲ ಪಕ್ಕ, ಕತ್ತಲಲ್ಲೂ ಕೈಗೆ ಸಿಗುವ ಹಾಗೆ ಇಡಿ. ಪಕ್ಕದ ಮನೆಯವರು ಕೇಳಿದರೆ ಕೊಡಿ, ಹೇಗೆ ಹಿಡಿಯಬೇಕೆಂದು ಹೇಳಿಯೇ ಕೊಡಿ. ತಂಗಿಯ ಮಗ ಈಗ ಗುಣವಾಗಿದ್ದಾನೆ. ಮೊನ್ನೆ ಬಂದವನು ಅಕ್ಕಿಯ ಡ್ರಮ್ಮು ಸರಿಸಲು ಹೇಳಿದರೆ, ಬಗ್ಗಲಿಲ್ಲ. ಮೊದಲು ಅದರ ಸುತ್ತ ಒಂದು ಸುತ್ತು ಬಂದು ನೋಡಿ, "ದೊಡ್ಡಮ್ಮ, ಹಾರೆ ಎಲ್ಲಿ?" ಅಂದ. ನೀವೂ ಹಾಗೇ ಕೇಳುವವರಾಗಿ.